ಕೊಡಗಿನ ಹಾಕಿ: ಕೆಲವು ನೆನಪುಗಳು, ಒಂದಿಷ್ಟು ಇತಿಹಾಸ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ಹಾಕಿಯ ಬಗ್ಗೆ ನೀವು ತರಗತಿಯಲ್ಲಿ ಹೇಳುತ್ತಿದ್ದ ಕಥೆಗಳನ್ನು ಒಮ್ಮೆ ಬರೆದಿಡಿ, ಮೊಮ್ಮಕ್ಕಳಿಗೆ ಹೇಳಲು ಬೇಕು" ಎಂದ. ಇತಿಹಾಸದ ಮೇಷ್ಟ್ರಾಗಿದ್ದ ನಾನು ಪಾಣಿಪತ್ ಕದನಗಳಿಗಿಂತ ಹಾಕಿಗೇ ಹೆಚ್ಚು ಸಮಯ ಕೊಟ್ಟೆನೆಂಬ ಆರೋಪ ನನ್ನ ಮೇಲೆ ಮೊದಲಿನಿಂದಲೂ ಇದೆ. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ಆ ಕಥೆಗಳ ಜೊತೆಗೆ, ತರಗತಿಯಲ್ಲಿ ಎಂದೂ ಹೇಳದ ಒಂದು ಸಂಗತಿಯೂ ಇಲ್ಲಿದೆ.

ನಾನು ಬಯಲುಸೀಮೆಯವನು. 1970ರಲ್ಲಿ ಕೊಡಗಿನ ಒಂದು ಸಣ್ಣ ಊರಿನ ಪ್ರೌಢಶಾಲೆಗೆ ಬಂದಿಳಿದಾಗ ಹಾಕಿಯೆಂದರೆ ನನಗೆ ವೃತ್ತಪತ್ರಿಕೆಯ ಕೊನೆಯ ಪುಟದ ಒಂದು ಪದವಷ್ಟೇ ಆಗಿತ್ತು. ಶಾಲೆಯ ಹಿಂದಿನ ಇಳಿಜಾರು ಬಯಲಿನಲ್ಲಿ ಹುಡುಗರು ಕಾಫಿ ಗಿಡದ ಬಾಗಿದ ಕೊಂಬೆಗಳನ್ನು ಹಿಡಿದು, ಉದುರಿ ಬಿದ್ದ ಕಿತ್ತಳೆಕಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದರು. ಕಾಯಿ ಒಡೆದರೆ ಆಟ ನಿಲ್ಲುತ್ತಿರಲಿಲ್ಲ. ಮತ್ತೊಂದು ಕಾಯಿ ಬರುತ್ತಿತ್ತು. ನಿಜವಾದ ಸ್ಟಿಕ್ ಇದ್ದವನು ಇಡೀ ಶಾಲೆಗೆ ದೊರೆ. ಆ ಸ್ಟಿಕ್ ಸಾಮಾನ್ಯವಾಗಿ ಸೈನ್ಯದಲ್ಲಿದ್ದ ಚಿಕ್ಕಪ್ಪನೋ ಮಾವನೋ ರಜೆಯಲ್ಲಿ ಬಂದಾಗ ತಂದುಕೊಟ್ಟದ್ದಾಗಿರುತ್ತಿತ್ತು. ಕೊಡಗಿಗೆ ಹಾಕಿ ಹೇಗೆ ಬಂತೆಂದು ಯಾರಾದರೂ ಕೇಳಿದರೆ ನಾನು ಆ ಸ್ಟಿಕ್ಕುಗಳನ್ನೇ ತೋರಿಸುತ್ತೇನೆ. ಹಾಕಿ ಈ ದೇಶದಲ್ಲಿ ಹರಡಿದ್ದರಲ್ಲಿ ಸೇನೆಯ ಪಲ್ಟನ್ನುಗಳ ಪಾಲು ದೊಡ್ಡದು. ಮನೆಗೊಬ್ಬ ಯೋಧನಿದ್ದ ಈ ನಾಡಿಗೆ ಅದು ರಜೆಯ ಟ್ರಂಕಿನಲ್ಲಿಯೇ ಬಂದು ಸೇರಿತು.

ನಾನು ಬಾಡಿಗೆಗಿದ್ದ ಮನೆಯ ಒಡೆಯರು ನಿವೃತ್ತ ಸುಬೇದಾರರು. ಅವರಲ್ಲಿ ಬ್ಯಾಟರಿಯಿಂದ ನಡೆಯುವ ರೇಡಿಯೋ ಇತ್ತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಭಾರತ ಕಂಚಿನ ಪದಕ ಪಡೆದಾಗ ತಂಡದಲ್ಲಿ ಕೊಡಗಿನ ಇಬ್ಬರಿದ್ದರು: ಎಂ.ಪಿ. ಗಣೇಶ್ ಮತ್ತು ಸೋಮವಾರಪೇಟೆಯ ಬಿ.ಪಿ. ಗೋವಿಂದ. ಮರುವರ್ಷ ಹಾಲೆಂಡಿನ ಆಮ್‌ಸ್ಟೆಲ್‌ವೀನ್‌ನಲ್ಲಿ ನಡೆದ ವಿಶ್ವಕಪ್ಪಿಗೆ ಗಣೇಶ್ ಅವರೇ ನಾಯಕರಾಗಿ ಹೋದರು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಲು ಇನ್ನೂ ಎರಡು ತಿಂಗಳಿತ್ತು. ಭಾರತದ ಭೂಪಟದಲ್ಲಿ ಬೆರಳ ತುದಿಯಿಂದ ಮುಚ್ಚಬಹುದಾದ ಜಿಲ್ಲೆಯೊಂದು ದೇಶದ ತಂಡಕ್ಕೆ ನಾಯಕನನ್ನು ಕೊಟ್ಟಿತ್ತು.

1973ರ ಸೆಪ್ಟೆಂಬರ್ 2ರಂದು ಫೈನಲ್. ಎದುರಾಳಿ ಆತಿಥೇಯ ಹಾಲೆಂಡ್. ಸುರ್ಜಿತ್ ಸಿಂಗ್ ಆರಂಭದಲ್ಲಿಯೇ ಎರಡು ಗೋಲು ಹೊಡೆದು ಭಾರತಕ್ಕೆ 2–0 ಮುನ್ನಡೆ ತಂದುಕೊಟ್ಟರು. ಹಾಲೆಂಡಿನವರು ಎರಡನ್ನೂ ತೀರಿಸಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಮೊದಲು ಗೋಲು ಹೊಡೆದವರು ಗೆದ್ದಂತೆ ಎಂಬ ಘಟ್ಟದಲ್ಲಿ ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ನಿಂತವರು ಗೋವಿಂದ. ಅದು ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿ ಸ್ಟ್ರೋಕುಗಳಲ್ಲಿಯೇ ನಿರ್ಣಯವಾಗಿ ಹಾಲೆಂಡ್ ವಿಶ್ವಕಪ್ ಗೆದ್ದಿತು.

ಮರುದಿನ ಸುದ್ದಿ ತಿಳಿದ ಮೇಲೆ ಊರಿನ ಚಹದಂಗಡಿಯಲ್ಲಿ ಅದೇ ಮಾತು. ಮೈಸೂರಿನಿಂದ ಬಂದಿದ್ದ ಒಬ್ಬ ವ್ಯಾಪಾರಿ, "ಅಷ್ಟು ಹತ್ತಿರದಿಂದ ಹೊಡೆಯಲಿಕ್ಕಾಗಲಿಲ್ಲವೇ?" ಎಂದು ನಕ್ಕ. ಅಂಗಡಿ ಇದ್ದಕ್ಕಿದ್ದಂತೆ ಮೌನವಾಯಿತು. ಸುಬೇದಾರರು ಲೋಟವನ್ನು ಕೆಳಗಿಟ್ಟು, ದನಿ ಏರಿಸದೆ ಹೇಳಿದರು: "ತಪ್ಪಿಸಬೇಕಾದರೂ ಮೊದಲು ಅಲ್ಲಿ ಹೋಗಿ ನಿಲ್ಲಬೇಕು. ನಮ್ಮ ಹುಡುಗ ನಿಂತಿದ್ದ."

ಸುಬೇದಾರರು ಕೊಡವರು, ಗೋವಿಂದ ಅವರ ಕುಲದವರೂ ಅಲ್ಲ, ಊರಿನವರೂ ಅಲ್ಲ. ಆದರೂ "ನಮ್ಮ ಹುಡುಗ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ತರಗತಿಯಲ್ಲಿ ಎಷ್ಟೋ ಸಲ ಅದನ್ನು ಹೇಳಿದ್ದೇನೆ. ಆದರೆ ಹಿಡಿಸಿದ ಮಾತು ನಡತೆಗೆ ಇಳಿಯಲು ತಡವಾಗುತ್ತದೆಂಬುದಕ್ಕೆ ನಾನೇ ಸಾಕ್ಷಿ.

1974ರ ಚಳಿಗಾಲದಲ್ಲಿ ನಮ್ಮ ಶಾಲೆಯ ತಂಡ ಅಂತರಶಾಲಾ ಪಂದ್ಯಾವಳಿಯ ಸೆಮಿಫೈನಲ್ ತಲುಪಿತು. ದೈಹಿಕ ಶಿಕ್ಷಕರು ರಜೆಯಲ್ಲಿದ್ದುದರಿಂದ ಹುಡುಗರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವ ಹೊಣೆ ನನ್ನದಾಯಿತು. ಪಂದ್ಯ ಸಮನಾಗಿದ್ದಾಗ, ಇನ್ನೇನು ಮುಗಿಯಿತು ಎನ್ನುವಾಗ, ನಮಗೆ ಪೆನಾಲ್ಟಿ ಸ್ಟ್ರೋಕ್ ದೊರೆಯಿತು. ಹತ್ತನೆಯ ತರಗತಿಯ ಒಬ್ಬ ಹುಡುಗ ಮುಂದೆ ಬಂದ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಮರುಗಳಿಗೆಯಲ್ಲಿ ಎದುರಾಳಿಗಳು ಗೋಲು ಹೊಡೆದರು. ಮರಳುವಾಗ ಬಸ್ಸಿನಲ್ಲಿ ಎಲ್ಲರೆದುರು ನಾನು ಆ ಹುಡುಗನಿಗೆ ಹೇಳಬಾರದ ಮಾತು ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈಗಲೂ ಅವನಿಗೆ ನೋವಾದೀತು. ಆಡದೆ ನಿಂತು ನೋಡುವವನಿಗೆ ಕೋಪ ಬಹಳ ಸುಲಭ. ಆ ಹುಡುಗ ಮತ್ತೆ ಶಾಲೆಯ ತಂಡಕ್ಕೆ ಬರಲಿಲ್ಲ.

1975ರ ಮಾರ್ಚ್ 15, ಶನಿವಾರ. ಕೌಲಾಲಂಪುರದಲ್ಲಿ ವಿಶ್ವಕಪ್ ಫೈನಲ್, ಪಾಕಿಸ್ತಾನದೊಡನೆ. ಸೆಮಿಫೈನಲ್‌ನಲ್ಲಿ ಮಲೇಷ್ಯಾದ ವಿರುದ್ಧ ಸೋಲು ಬಾಗಿಲಿಗೆ ಬಂದಿದ್ದಾಗ ಅಸ್ಲಂ ಶೇರ್ ಖಾನ್ ಸಮ ಮಾಡಿ, ಹೆಚ್ಚುವರಿ ಅವಧಿಯಲ್ಲಿ ಹರಚರಣ್ ಸಿಂಗ್ ಗೆಲ್ಲಿಸಿದ್ದರು. ಅಜಿತ್‌ಪಾಲ್ ಸಿಂಗ್ ನಾಯಕರಾಗಿದ್ದ ಆ ತಂಡದಲ್ಲಿ ಗೋವಿಂದ ಇದ್ದರು. ಸುಬೇದಾರರ ರೇಡಿಯೋ ಶಾಲೆಯ ಜಗಲಿಗೆ ಬಂತು. ವೀಕ್ಷಕ ವಿವರಣೆ ಹಿಂದಿಯಲ್ಲಿ, ಜಸ್ದೇವ್ ಸಿಂಗ್ ಅವರ ದನಿಯಲ್ಲಿ. ಆ ವೇಗದ ಹಿಂದಿ ಅರ್ಥವಾಗುತ್ತಿದ್ದುದು ಸುಬೇದಾರರಿಗೂ ನಮ್ಮ ಹಿಂದಿ ಪಂಡಿತರಿಗೂ ಮಾತ್ರ. ಸುಬೇದಾರರು ಬಾಯಿ ಬಿಡುತ್ತಿರಲಿಲ್ಲ. ಆದ್ದರಿಂದ ಪಂಡಿತರು ಕುರ್ಚಿಯ ಮೇಲೆ ನಿಂತು ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಚೆಂಡು ಮೂರು ಕಾಲು ದಾಟಿರುತ್ತಿತ್ತು.

ಮೊದಲ ಗೋಲು ಪಾಕಿಸ್ತಾನದ್ದು. ಸುರ್ಜಿತ್ ಸಿಂಗ್ ಸಮ ಮಾಡಿದರು. ಬಳಿಕ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಮೂಲೆಗೆ ಬಡಿದು ಹೊರಚಿಮ್ಮಿತು. ಗೋಲಲ್ಲವೆಂದು ಪಾಕಿಸ್ತಾನದವರು ವಾದಿಸಿದರು. ಅಂಪೈರ್ ಗೋಲೆಂದೇ ತೀರ್ಪಿತ್ತರು. ಆ ಗೊಂದಲದಲ್ಲಿ ನಮ್ಮ ಪಂಡಿತರು, "ಗೋಲು! ಅಲ್ಲ... ತಾಳಿ... ಹೌದು!" ಎಂದು ಕುರ್ಚಿಯಿಂದ ಹಾರಿದ್ದನ್ನು ಆ ದಿನ ಅಲ್ಲಿದ್ದ ಯಾರೂ ಮರೆತಿರಲಾರರು. 2–1. ಭಾರತ ಹಾಕಿ ವಿಶ್ವಕಪ್ ಗೆದ್ದದ್ದು ಆ ಒಂದೇ ಸಲ.

ಸುಬೇದಾರರು ಕುಣಿಯಲಿಲ್ಲ. "ಗೋವಿಂದ ಈಗ ಊರಿಗೆ ಬರಬಹುದು," ಎಂದರು. ಸ್ವಲ್ಪ ಹೊತ್ತಿನ ನಂತರ ತಾವೇ ತಿದ್ದಿಕೊಂಡರು: "ಆಗಲೂ ಬರಬಹುದಿತ್ತು." ಆ ಗದ್ದಲದ ನಡುವೆ ನನ್ನ ಕಣ್ಣು ಗೇಟಿನ ಕಡೆ ಹೋಯಿತು. ಬಸ್ಸಿನಲ್ಲಿ ನಾನು ಬೈದಿದ್ದ ಹುಡುಗ ಹೊರಗೆ ರಸ್ತೆಯಂಚಿನಲ್ಲಿ ನಿಂತು ಕೇಳುತ್ತಿದ್ದ. ಒಳಗೆ ಕರೆಯಬೇಕಿತ್ತು. ಕರೆಯಲಿಲ್ಲ.

ಮುಂದಿನ ಇತಿಹಾಸ ನಿಮಗೆ ಗೊತ್ತೇ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಟ ನಡೆಯಿತು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಹುಲ್ಲು ಮಣ್ಣಿನ ಮೇಲೆ ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡು ಓಡುವ ನಮ್ಮ ಕಲೆಗಿಂತ ವೇಗಕ್ಕೂ ದೇಹಬಲಕ್ಕೂ ಬೆಲೆ ಬಂತು. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು, 1988ರ ಸಿಯೋಲ್ ಒಲಿಂಪಿಕ್ಸ್‌ಗೆ ಅವರೇ ನಾಯಕರು. ಸೋಮವಾರಪೇಟೆಯ ಎಸ್.ವಿ. ಸುನಿಲ್ 2012ರಲ್ಲಿ ಲಂಡನ್ನಿನಲ್ಲಿ, 2016ರಲ್ಲಿ ರಿಯೋದಲ್ಲಿ ಆಡಿದರು. ಗಣೇಶ್ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಆದರೆ ಊರಿನವರ ನೆನಪಿನಲ್ಲಿ ಒಲಿಂಪಿಕ್ಸ್‌ಗಿಂತ ದೊಡ್ಡದಾಗಿ ಬೆಳೆದದ್ದು ಬೇರೊಂದು ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿ ಆರಂಭಿಸಿದರು. ಕೊಡವರಲ್ಲಿ ಪ್ರತಿಯೊಬ್ಬನ ಹೆಸರಿನ ಮೊದಲು ಒಕ್ಕದ ಹೆಸರಿರುತ್ತದೆ. ಒಂದು ಒಕ್ಕದವರಿಗೆ ಐನ್‌ಮನೆ ಒಂದೇ. ಆ ಒಕ್ಕವೇ ತಂಡ. ಹದಿನಾಲ್ಕರ ಬಾಲಕ, ಅವನ ಅತ್ತೆ, ಐವತ್ತು ದಾಟಿದ ದೊಡ್ಡಪ್ಪ, ಎಲ್ಲರೂ ಒಂದೇ ಬಣ್ಣದ ಅಂಗಿ ತೊಟ್ಟು ಒಟ್ಟಿಗೆ ಆಡಬಹುದು. ಪ್ರತಿವರ್ಷ ಒಂದು ಒಕ್ಕ ಆತಿಥ್ಯ ವಹಿಸುತ್ತದೆ. ಕಪ್ಪಿಗೆ ಅದರದೇ ಹೆಸರು. ಮೊದಲ ವರ್ಷ 60 ಕುಟುಂಬಗಳು ಬಂದವು. ಆಸ್ತಿಯ ವ್ಯಾಜ್ಯದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಪಾಸ್ ಕೊಡುವ ಸಲುವಾಗಿಯಾದರೂ ಪರಸ್ಪರ ಹೆಸರು ಹಿಡಿದು ಕೂಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನು ನೋಡಿ ಕೊಡಗಿನ ಇತರ ಸಮುದಾಯಗಳೂ ಕುಟುಂಬವಾರು ಪಂದ್ಯಾವಳಿಗಳನ್ನು ನಡೆಸತೊಡಗಿದವು.

ಎರಡನೆಯ ವರ್ಷ, 1998ರಲ್ಲಿ, ಕೋಡೀರ ಕುಟುಂಬದ ಆತಿಥ್ಯದಲ್ಲಿ ಕಡಗದಾಳಿನಲ್ಲಿ ಪಂದ್ಯಗಳು ನಡೆದವು. ಬೇಸಿಗೆ ರಜೆ; ನಾನೂ ಹೋಗಿದ್ದೆ. ಒಂದು ತಂಡದ ಹಾಫ್ ಬ್ಯಾಕ್ ಆಟಗಾರನ ಓಟ ಎಲ್ಲಿಯೋ ಕಂಡಂತಿತ್ತು. ತಲೆ ಅರ್ಧ ನರೆತಿತ್ತು. ಅವನೇ. ಅವರ ಒಕ್ಕ ಸೋತಿತು. ಆಟ ಮುಗಿದ ಮೇಲೆ ಬೆವರೊರೆಸಿಕೊಳ್ಳುತ್ತ ನೇರವಾಗಿ ನನ್ನ ಬಳಿ ಬಂದು, "ಸಾರ್, ಊಟ ಆಯಿತೇ?" ಎಂದು ಕೇಳಿದ. ಇಪ್ಪತ್ತನಾಲ್ಕು ವರ್ಷ ಹೊತ್ತಿದ್ದ ಮಾತನ್ನು ನಾನು ತಡವರಿಸುತ್ತ ಹೇಳಿದೆ. ಅವನು ಸ್ವಲ್ಪ ಯೋಚಿಸಿ, "ನೀವು ಬೈದದ್ದು ನೆನಪಿಲ್ಲ ಸಾರ್. ಚೆಂಡು ಕಂಬಕ್ಕೆ ಬಡಿದ ಸದ್ದು ಮಾತ್ರ ನೆನಪಿದೆ," ಎಂದ. ನಿಜವನ್ನೇ ಹೇಳಿದನೋ, ಮೇಷ್ಟ್ರ ಭಾರ ಇಳಿಸಲು ಹಾಗೆಂದನೋ ನಾನು ಕೇಳಲಿಲ್ಲ. ಪಕ್ಕದಲ್ಲಿದ್ದ ಹದಿಮೂರರ ಮಗನನ್ನು ಮುಂದೆ ತಂದು ಪರಿಚಯಿಸಿದ. ಹುಡುಗನ ಕೈಯಲ್ಲಿ ಸ್ಟಿಕ್ ಇತ್ತು.

2018ರ ವೇಳೆಗೆ ಕುಟುಂಬಗಳ ಸಂಖ್ಯೆ 300 ದಾಟಿತ್ತು. ಅದೇ ಆಗಸ್ಟ್‌ನಲ್ಲಿ ಮಳೆಗೆ ಬೆಟ್ಟಗಳು ಕುಸಿದು ಮಕ್ಕಂದೂರು, ಜೋಡುಪಾಲದಂಥ ಕಡೆ ಮನೆ, ಗದ್ದೆ, ತೋಟ ಮಣ್ಣುಪಾಲಾದವು. 2019ರಲ್ಲಿ ಪಂದ್ಯಾವಳಿ ನಡೆಯಲಿಲ್ಲ. ನಂತರ ಕೊರೋನಾ. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಹಬ್ಬ ಇನ್ನು ಮುಗಿಯಿತೆಂದೇ ನಾನು ಭಾವಿಸಿದ್ದೆ. ಆದರೆ 2023ರಲ್ಲಿ ನಾಪೋಕ್ಲಿನಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ಮೈದಾನ ಸಿದ್ಧಗೊಳಿಸಿದಾಗ 336 ಒಕ್ಕಗಳು ಬಂದವು. 2024ರಲ್ಲಿ ಅಲ್ಲಿಯೇ ಕುಂಡ್ಯೋಳಂಡ ಕಪ್ಪಿಗೆ 360. ಗಿನ್ನೆಸ್ ದಾಖಲೆಯೂ ಆಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ 390ಕ್ಕೂ ಹೆಚ್ಚು. ಗದ್ದೆ ಕಳೆದುಕೊಂಡವರೂ ಒಕ್ಕದ ಅಂಗಿ ತೊಟ್ಟು ಬಂದಿದ್ದರು.

ಇಷ್ಟು ವರ್ಷಗಳಲ್ಲಿ ಯಾವ ಕಪ್ಪನ್ನು ಯಾರು ಗೆದ್ದರೆಂದು ಪಟ್ಟಿ ನೋಡದೆ ಹೇಳಲು ನನಗೆ ಬಾರದು. ಆದರೆ ಯಾರು ಎಲ್ಲಿ ನಿಂತಿದ್ದರೆಂಬುದು ನೆನಪಿದೆ: ಕುರ್ಚಿಯ ಮೇಲೆ ಪಂಡಿತರು, ಗೇಟಿನ ಹೊರಗೆ ಒಬ್ಬ ಹುಡುಗ, ದೂರದ ಹಾಲೆಂಡಿನಲ್ಲಿ ಚೆಂಡಿನ ಮುಂದೆ ನಮ್ಮ ಗೋವಿಂದ. ಊರಿನ ತಂಡವನ್ನು ಹಿಂಬಾಲಿಸುವುದೆಂದರೆ ತಪ್ಪಿಸಿದವನನ್ನೂ ನಮ್ಮವನೆನ್ನುವುದು. ಸುಬೇದಾರರಿಗೆ ಅದು ಒಂದು ಲೋಟ ಚಹ ಆರುವುದರೊಳಗೆ ತಿಳಿದಿತ್ತು. ನನಗೆ ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ನಿಮ್ಮಲ್ಲಿ ಯಾರಿಗಾದರೂ ಆ ಜಗಲಿಯ ನೆನಪಿದ್ದರೆ ನನಗೊಂದು ಸಾಲು ಬರೆಯಿರಿ. ಪಂಡಿತರು ಹಾರಿದಾಗ ಮುರಿದದ್ದು ಕುರ್ಚಿಯ ಎಡಗಾಲೋ ಬಲಗಾಲೋ ಎಂಬ ವಿವಾದ ಇನ್ನೂ ಬಗೆಹರಿದಿಲ್ಲ.