ಗಲ್ಲಿಗೆ ಕಾರಣ ಬರೆಯುವ ಹೊಣೆ

ಕೊಲೆ ಸಾಬೀತಾದ ಮೇಲೂ ಅಪರಾಧಿಗೆ ಗಲ್ಲು ವಿಧಿಸದಿದ್ದರೆ, ಏಕೆ ವಿಧಿಸಲಿಲ್ಲ ಎಂಬುದನ್ನು ನ್ಯಾಯಾಧೀಶರು ತೀರ್ಪಿನಲ್ಲಿ ಬರೆಯಬೇಕೆಂದು 1898ರ ದಂಡ ಪ್ರಕ್ರಿಯಾ ಸಂಹಿತೆಯ 367(5)ನೇ ಕಲಮು ಹೇಳುತ್ತಿತ್ತು. 1860ರ ಭಾರತೀಯ ದಂಡ ಸಂಹಿತೆಯ 302ನೇ ಕಲಮು ಕೊಲೆಗೆ ಮರಣದಂಡನೆ ಇಲ್ಲವೇ ಜೀವಾವಧಿ ಕರಿನೀರಿನ ಶಿಕ್ಷೆ ಎಂದು ಎರಡು ದಾರಿಗಳನ್ನು ಇಟ್ಟಿತ್ತಾದರೂ, ಗಲ್ಲೇ ನಿಯಮವಾಗಿ, ಜೀವ ಉಳಿಸುವುದು ವಿನಾಯಿತಿಯಾಗಿ ಉಳಿದದ್ದು ಈ ಕಲಮಿನಿಂದ. ಭಾರತದಲ್ಲಿ ಮರಣದಂಡನೆ ಬೇಕೇ ಬೇಡವೇ ಎಂಬ ಚರ್ಚೆಯ ಬಹುಪಾಲು ನಡೆದಿರುವುದು ಈ ಹೊಣೆ ಯಾರ ಮೇಲಿರಬೇಕು ಎಂಬುದರ ಸುತ್ತಲೇ.

ರದ್ದತಿಯ ಕೂಗು ಗಟ್ಟಿಯಾಗಿ ಕೇಳಿದ್ದು 1931ರಲ್ಲಿ. ಬಿಹಾರದ ಗಯಾ ಪ್ರಸಾದ್ ಸಿಂಗ್ ಕೇಂದ್ರ ಶಾಸನಸಭೆಯಲ್ಲಿ ಮರಣದಂಡನೆ ರದ್ದತಿಯ ಮಸೂದೆ ತರಲು ಯತ್ನಿಸಿದರು, ಸಭೆ ಒಪ್ಪಲಿಲ್ಲ. ಅದೇ ವರ್ಷದ ಮಾರ್ಚ್ 23ರಂದು ಭಗತ್ ಸಿಂಗ್ ಮತ್ತು ಇಬ್ಬರು ಸಂಗಾತಿಗಳನ್ನು ಲಾಹೋರಿನಲ್ಲಿ ನೇಣಿಗೇರಿಸಲಾಯಿತು. ಕೆಲವೇ ದಿನಗಳ ನಂತರ ಸೇರಿದ ಕರಾಚಿ ಕಾಂಗ್ರೆಸ್ ಅಧಿವೇಶನ ತನ್ನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಮರಣದಂಡನೆ ಇರಕೂಡದೆಂದು ಬರೆಯಿತು. ದೇಶೀಯ ಸಂಸ್ಥಾನಗಳ ನಡೆ ಒಂದೇ ಬಗೆಯದಾಗಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಈಸೂರಿನ 1942ರ ದಂಗೆಗಾಗಿ ಮೈಸೂರು ಸರ್ಕಾರ 1943ರ ಮಾರ್ಚಿನಲ್ಲಿ ಐವರು ಹಳ್ಳಿಗರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿತು. ಮರುವರ್ಷವೇ ತಿರುವಾಂಕೂರು ಮರಣದಂಡನೆಯನ್ನು ರದ್ದು ಮಾಡಿತು. ಸ್ವಾತಂತ್ರ್ಯಾನಂತರ ದೇಶದ ದಂಡ ಸಂಹಿತೆ ಅಲ್ಲಿಗೂ ಅನ್ವಯವಾದಾಗ ಗಲ್ಲು ಮರಳಿ ಬಂತು.

ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು, ಅಹಿಂಸೆಯನ್ನು ನೀತಿಯೆಂದು ನಂಬಿದ ದೇಶ ಮರಣದಂಡನೆಯನ್ನೇ ಕೈಬಿಡುವುದು ಲೇಸೆಂಬ ಅಭಿಪ್ರಾಯವನ್ನು 1949ರ ಜೂನ್‌ನಲ್ಲಿ ಮುಂದಿಟ್ಟರು. ಸಭೆ ಆ ದಾರಿ ಹಿಡಿಯಲಿಲ್ಲ. ಅದೇ ವರ್ಷದ ನವೆಂಬರ್ 15ರಂದು ಗಾಂಧಿ ಹಂತಕ ನಾಥೂರಾಮ್ ಗೋಡ್ಸೆಯನ್ನು ಅಂಬಾಲಾದಲ್ಲಿ ಗಲ್ಲಿಗೇರಿಸಲಾಯಿತು. ಅವನ ಜೀವ ಉಳಿಸಿ ಎಂದು ಕೇಳಿದವರಲ್ಲಿ ಗಾಂಧಿಯವರ ಮಕ್ಕಳಾದ ಮಣಿಲಾಲ್ ಮತ್ತು ರಾಮದಾಸರೂ ಇದ್ದರು. ತಂದೆಯನ್ನು ಕಳೆದುಕೊಂಡವರ ಆ ಬೇಡಿಕೆಗೆ ಈ ಚರಿತ್ರೆಯಲ್ಲಿ ವಿಶೇಷ ತೂಕವಿದೆ.

1955ರ ತಿದ್ದುಪಡಿ 367(5)ನ್ನು ತೆಗೆದುಹಾಕಿತು. ಎರಡು ಶಿಕ್ಷೆಗಳೂ ಸರಿಸಮವಾದವು. 1967ರ 35ನೇ ವರದಿಯಲ್ಲಿ ಕಾನೂನು ಆಯೋಗ, ಇಷ್ಟು ದೊಡ್ಡ, ಇಷ್ಟು ವೈವಿಧ್ಯದ ದೇಶ ರದ್ದತಿಯ ಪ್ರಯೋಗಕ್ಕೆ ಕೈಹಾಕಬಾರದು ಎಂದಿತು. ಆದರೂ ಸಂಸತ್ತು 1973ರ ಹೊಸ ಸಂಹಿತೆಯ 354(3)ನೇ ಕಲಮಿನಲ್ಲಿ ಹಳೆಯ ಹೊಣೆಯನ್ನು ತಿರುಗಿಸಿಯೇ ಬಿಟ್ಟಿತು: ಗಲ್ಲು ವಿಧಿಸುವ ನ್ಯಾಯಾಧೀಶರೇ ಇನ್ನು ವಿಶೇಷ ಕಾರಣ ಬರೆಯಬೇಕು. ಮುಕ್ಕಾಲು ಶತಮಾನದಲ್ಲಿ ಕಾನೂನು ತಲೆಕೆಳಗಾಗಿತ್ತು.

ಈ ಬದಲಾವಣೆಯ ಬಲದ ಮೇಲೆಯೇ 1980ರ ಮೇ 9ರಂದು ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ನಾಲ್ಕು ಮಂದಿಯ ಬಹುಮತದಿಂದ, ಮರಣದಂಡನೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಅದನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಮೀಸಲಿಟ್ಟಿತು. ಭಿನ್ನಮತದ ತೀರ್ಪು ಕೊಟ್ಟ ನ್ಯಾಯಮೂರ್ತಿ ಪಿ. ಎನ್. ಭಗವತಿ, ಅಪರೂಪ ಯಾವುದು ಎಂಬುದು ಪೀಠದಲ್ಲಿ ಕೂತವರ ಮನೋಧರ್ಮಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ವಾದಿಸಿದರು. ಅವರ ಆತಂಕಕ್ಕೆ ಹರ್ಬನ್ಸ್ ಸಿಂಗ್ ಪ್ರಕರಣ ಕಣ್ಣೆದುರಿನ ಸಾಕ್ಷಿಯಾಗಿತ್ತು. ಉತ್ತರ ಪ್ರದೇಶದಲ್ಲಿ ಒಂದೇ ಕುಟುಂಬದ ನಾಲ್ವರ ಕೊಲೆಯಲ್ಲಿ ಸಮಪಾಲಿದ್ದ ಮೂವರಿಗೆ ಗಲ್ಲು ಶಿಕ್ಷೆಯಾಗಿತ್ತು. ಮೂವರ ಮನವಿಗಳೂ ಬೇರೆ ಬೇರೆ ಪೀಠಗಳ ಮುಂದೆ ಬಂದವು. ಒಬ್ಬನ ಶಿಕ್ಷೆ ಜೀವಾವಧಿಗೆ ಇಳಿಯಿತು. ಇನ್ನೊಬ್ಬನ ಮನವಿ ತಿರಸ್ಕೃತವಾಗಿ 1981ರ ಅಕ್ಟೋಬರಿನಲ್ಲಿ ಅವನನ್ನು ನೇಣಿಗೇರಿಸಲಾಯಿತು. ಕೊನೆಯ ಗಳಿಗೆಯಲ್ಲಿ ತಡೆಯಾಜ್ಞೆ ಪಡೆದ ಮೂರನೆಯವನ ಪರವಾಗಿ, 1982ರಲ್ಲಿ ಕೋರ್ಟೇ ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಒಂದೇ ಅಪರಾಧಕ್ಕೆ ಇಂಥ ಮೂರು ಗತಿ ಬಂದದ್ದನ್ನು ನ್ಯಾಯವೆನ್ನಲು ಸಾಧ್ಯವೇ ಇಲ್ಲ. ಸತ್ತವನಿಗೆ ತಿದ್ದುಪಡಿಯೂ ಇಲ್ಲ.

1983ರಲ್ಲಿ ಮಿಟ್ಠು ಪ್ರಕರಣದ ತೀರ್ಪು, ಜೀವಾವಧಿ ಕೈದಿ ಕೊಲೆ ಮಾಡಿದರೆ ಗಲ್ಲು ಕಡ್ಡಾಯ ಎನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 303ನೇ ಕಲಮನ್ನು ಹೊಡೆದುಹಾಕಿತು. ಬೆಂಗಳೂರಿನ ಕೊಲೆಯೊಂದರಿಂದ ಹುಟ್ಟಿದ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ 2008ರಲ್ಲಿ ಕೋರ್ಟು ನಡುದಾರಿಯೊಂದನ್ನು ತೆರೆಯಿತು: ಗಲ್ಲಿನ ಬದಲು, ಬಿಡುಗಡೆಯ ಅವಕಾಶವಿಲ್ಲದೆ ಜೀವವಿರುವವರೆಗೂ ಸೆರೆ.

ಪಾಲಾರ್ ಪ್ರಕರಣ ಕನ್ನಡಿಗರಿಗೆ ಹತ್ತಿರದ್ದು. ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ 1993ರಲ್ಲಿ ವೀರಪ್ಪನ್ ತಂಡ ಸಿಡಿಸಿದ ನೆಲಬಾಂಬಿಗೆ 22 ಜನ ಬಲಿಯಾದರು. ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ ನಾಲ್ವರಿಗೆ ಜೀವಾವಧಿ ಕೊಟ್ಟಿತು. ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ತಿರಸ್ಕೃತವಾದದ್ದು 2013ರಲ್ಲಿ. ಅಷ್ಟು ವರ್ಷ ಅವರು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಸಾವನ್ನು ಎದುರು ನೋಡುತ್ತ ಕೂತಿದ್ದರು. ಸತ್ತ ಪೊಲೀಸರ, ಅರಣ್ಯ ಸಿಬ್ಬಂದಿಯ ಮನೆಯವರ ದುಃಖ ಈ ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ. ಆದರೆ ಕಾಯಿಸಿ ಕಾಯಿಸಿ ಕೊಲ್ಲುವ ಅಧಿಕಾರವನ್ನು ಯಾವ ಕಾನೂನೂ ಸರ್ಕಾರಕ್ಕೆ ಕೊಟ್ಟಿರಲಿಲ್ಲ. 2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ತೀರ್ಪು ಈ ನಾಲ್ವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ವಿವರಿಸಲಾಗದ ವಿಳಂಬವೂ ಹಿಂಸೆಯೇ ಎಂದು ಕೋರ್ಟು ಒಪ್ಪಿದ್ದು ಸರಿಯಾದ ನಿರ್ಧಾರ.

2015ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಎ. ಪಿ. ಶಾ ನೇತೃತ್ವದ ಕಾನೂನು ಆಯೋಗ, 262ನೇ ವರದಿಯಲ್ಲಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ರದ್ದಾಗಲಿ ಎಂದು ಶಿಫಾರಸು ಮಾಡಿತು. ಸಂಸತ್ತು ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಕೊಲೆಗೆ ಮರಣದಂಡನೆಯನ್ನು ಉಳಿಸಿಕೊಂಡಿದೆ. ಗುಂಪುಹತ್ಯೆಗೂ ಅದನ್ನು ಹೊಸದಾಗಿ ಸೇರಿಸಿದೆ.