ಬರೇಲಿಯ ಗರುಡ

ಸೋವಿಯತ್ ವಿಮಾನ ಮಿಗ್-25 ಹುಟ್ಟಿದ್ದು ಅಮೆರಿಕದ ಒಂದು ಬಾಂಬರ್‌ನ ಭಯದಿಂದ. ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರುವ ಎಕ್ಸ್‌ಬಿ-70 ವಾಲ್ಕೈರಿಯನ್ನು ಅಮೆರಿಕ ರೂಪಿಸುತ್ತಿದ್ದಾಗ ಅದನ್ನು ತಡೆಯಬಲ್ಲ ವಿಮಾನ ಸೋವಿಯತ್ ಒಕ್ಕೂಟದಲ್ಲಿ ಇರಲಿಲ್ಲ. ಆ ಹೊಣೆ ಮಿಕೋಯಾನ್-ಗುರೆವಿಚ್ ವಿನ್ಯಾಸ ಕೇಂದ್ರದ ಹೆಗಲೇರಿತು. ವಾಲ್ಕೈರಿ ಎರಡು ಮಾದರಿಗಳಿಗೇ ನಿಂತುಹೋಯಿತು. ಅದಕ್ಕೆ ಎದುರಾಳಿಯಾಗಿ ಹೊರಟ ವಿಮಾನ ಮಾತ್ರ ನಿಲ್ಲಲಿಲ್ಲ. ಅಷ್ಟು ವೇಗ, ಅಷ್ಟು ಎತ್ತರ ಸಾಧ್ಯವಾದರೆ ಕ್ಷಿಪಣಿಯ ಜಾಗದಲ್ಲಿ ಕ್ಯಾಮೆರಾ ಇಟ್ಟರೂ ಪ್ರಯೋಜನವಿದೆ ಎಂಬುದು ವಿನ್ಯಾಸಕಾರರಿಗೆ ಮೊದಲೇ ಹೊಳೆದಿತ್ತು. 1964ರ ಮಾರ್ಚ್ 6ರಂದು ಮೊದಲು ನೆಲ ಬಿಟ್ಟದ್ದು ಬೇಹುಗಾರಿಕೆಯ ಮಾದರಿಯೇ. ಕಾದಾಡುವ ಮಾದರಿ ಹಾರಿದ್ದು ಆರು ತಿಂಗಳ ನಂತರ.

ವಿನ್ಯಾಸಕಾರರ ದೊಡ್ಡ ತಲೆನೋವು ಶಾಖ. ಮ್ಯಾಕ್ 2.8ರ, ಅಂದರೆ ಶಬ್ದದ 2.8 ಪಟ್ಟು ವೇಗದ, ಆಸುಪಾಸಿನಲ್ಲಿ ಗಾಳಿಯ ಒತ್ತಡಕ್ಕೆ ವಿಮಾನದ ಮೈ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿಗೆ ಅಲ್ಯೂಮಿನಿಯಂ ಸತ್ವ ಕಳೆದುಕೊಳ್ಳುತ್ತದೆ. ಅಮೆರಿಕನ್ನರು ಇದೇ ತೊಡಕಿಗೆ ಟೈಟಾನಿಯಂ ಆರಿಸಿಕೊಂಡು ಎಸ್‌ಆರ್-71 ಬೇಹು ವಿಮಾನ ಕಟ್ಟಿದರು. ಟೈಟಾನಿಯಂ ದುಬಾರಿ, ಅದರ ಕೆಲಸವೂ ಕಷ್ಟ. ಮಿಗ್ ತಂಡ ನಿಕ್ಕಲ್ ಬೆರೆಸಿದ ಉಕ್ಕನ್ನು ನೆಚ್ಚಿಕೊಂಡು, ವಿಮಾನದ ಬಹುಭಾಗವನ್ನು ಬೆಸುಗೆ ಹಾಕಿಯೇ ಜೋಡಿಸಿತು. ವಿಮಾನ ಭಾರವಾಯಿತು, ನಿಜ. ಆದರೆ ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಿಸಲು ಬಂತು. ಚಾಲಕರಹಿತ ವಾಹನಗಳ ಎಂಜಿನ್‌ನಿಂದ ಬೆಳೆದುಬಂದ ಎರಡು ಆರ್-15 ಎಂಜಿನ್‌ಗಳು ಅದನ್ನು ನೂಕುತ್ತಿದ್ದವು. ಅವುಗಳಿಗೆ ಬಲ ಹೆಚ್ಚು, ಆಯುಷ್ಯ ಕಡಿಮೆ. ಮ್ಯಾಕ್ 2.83 ಮೀರಬಾರದೆಂಬ ಕಟ್ಟಪ್ಪಣೆ ಇದ್ದದ್ದು ಇದೇ ಕಾರಣಕ್ಕೆ. ಒಳಗಿನ ಉಪಕರಣಗಳನ್ನು ತಂಪಾಗಿಡಲು ಮದ್ಯಸಾರ ಬಳಸುತ್ತಿದ್ದರು. ಸೋವಿಯತ್ ವಾಯುನೆಲೆಗಳಲ್ಲಿ ಅದು ವಿಮಾನ ಬಳಸುವುದಕ್ಕಿಂತ ಬೇಗ ಖಾಲಿಯಾಗುತ್ತಿದ್ದ ಬಗ್ಗೆ ಕಥೆಗಳು ಬೇಕಾದಷ್ಟಿವೆ.

ಬೇಹು ವಿಮಾನವಾಗಿ ಅದರ ಮೊದಲ ಪರೀಕ್ಷೆ ನಡೆದದ್ದು ಈಜಿಪ್ಟಿನಲ್ಲಿ. 1971ರಿಂದ ಸೋವಿಯತ್ ಚಾಲಕರು ಕೈರೋ ಬಳಿಯಿಂದ ಹೊರಟು ಇಸ್ರೇಲ್ ವಶದಲ್ಲಿದ್ದ ಸಿನಾಯ್ ಮೇಲೆ ಹಾರಿ ಚಿತ್ರ ತೆಗೆದರು. ತಡೆಯಲು ಏರಿದ ಇಸ್ರೇಲಿನ ಫ್ಯಾಂಟಮ್ ಯುದ್ಧವಿಮಾನಗಳಿಗೆ ಅದು ಕೈಗೆಟುಕಲಿಲ್ಲ. ಪಶ್ಚಿಮದ ಸೇನೆಗಳು ಬೆಚ್ಚಿದವು. 1976ರ ಸೆಪ್ಟೆಂಬರ್ 6ರಂದು ವಿಕ್ಟರ್ ಬೆಲೆಂಕೊ ಎಂಬ ಚಾಲಕ ತನ್ನ ಮಿಗ್-25 ಸಮೇತ ಜಪಾನಿನ ಹಾಕೊಡಾಟೆಗೆ ಪರಾರಿಯಾದಾಗ ಅಮೆರಿಕದ ತಜ್ಞರು ಅದನ್ನು ಬಿಚ್ಚಿ ನೋಡಿದರು. ಸಿಕ್ಕಿದ್ದು ಉಕ್ಕಿನ ಭಾರದ ಮೈ, ನಿರ್ವಾತ ನಳಿಕೆಗಳ ರೇಡಾರ್. ತಿರುಗಿ ಮುರಿದು ಸೆಣಸುವ ವಿಮಾನ ಅದಲ್ಲ, ನೇರ ಓಟದ ವಿಮಾನ ಎಂಬುದು ಸ್ಪಷ್ಟವಾಯಿತು. ಬೇಹುಗಾರನಿಗೆ ಬೇಕಾದದ್ದಾದರೂ ನೇರ ಓಟವೇ.

ಭಾರತೀಯ ವಾಯುಪಡೆ ಇದನ್ನು ಸೇರಿಸಿಕೊಂಡದ್ದು 1981ರಲ್ಲಿ. ಉತ್ತರ ಪ್ರದೇಶದ ಬರೇಲಿಯಲ್ಲಿ ‘ಟ್ರೈಸಾನಿಕ್ಸ್’ ಎಂದು ಹೆಸರಾದ 102ನೇ ಸ್ಕ್ವಾಡ್ರನ್‌ಗೆ ಬೆರಳೆಣಿಕೆಯ ವಿಮಾನಗಳು ಬಂದವು. ಇಲ್ಲಿ ಅದಕ್ಕೆ ಗರುಡ ಎಂದು ಹೆಸರಿಟ್ಟರು. ಚಾಲಕರು ಗಗನಯಾತ್ರಿಗಳಂಥ ಒತ್ತಡದ ಉಡುಪು ತೊಟ್ಟು 20 ಕಿಲೋಮೀಟರ್‌ಗೂ ಎತ್ತರಕ್ಕೆ ಏರುತ್ತಿದ್ದರು. ಅಲ್ಲಿ ಹಗಲಲ್ಲೂ ಆಕಾಶ ಕಪ್ಪಾಗಿ, ಭೂಮಿಯ ಅಂಚು ಬಾಗಿದಂತೆ ಕಾಣುತ್ತದೆ. ವಿಮಾನದ ಇರವನ್ನೇ ವಾಯುಪಡೆ ಬಹುಕಾಲ ಬಾಯಿಬಿಟ್ಟು ಹೇಳಲಿಲ್ಲ. 1997ರ ಮೇ ತಿಂಗಳಲ್ಲಿ ಇಸ್ಲಾಮಾಬಾದ್ ಬಳಿ ಸಿಡಿಲಿನಂಥ ಸದ್ದು ಕೇಳಿಸಿದಾಗ ಅದು ಭಾರತದ ಮಿಗ್-25ರ ಶಬ್ದವೇಗ ಮೀರಿದಾಗ ಏಳುವ ಸದ್ದೆಂದು ಪಾಕಿಸ್ತಾನ ದೂರಿತು. ಎತ್ತರದಲ್ಲಿ ನಿಶ್ಶಬ್ದವಾಗಿ ದಾಟಿ ಹೋಗಬಹುದಾಗಿದ್ದ ವಿಮಾನದ ಸದ್ದು ರಾಜಧಾನಿಗೇ ಕೇಳಿದ್ದರಿಂದ, ಬೇಕೆಂದೇ ಕೇಳಿಸಿದರು ಎಂಬ ಗುಮಾನಿಯೂ ಹುಟ್ಟಿತು.

ಅಷ್ಟರಲ್ಲಿ ಕಾಲ ಬದಲಾಗಿತ್ತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಬಿಡಿಭಾಗಗಳು ಸಿಗುವುದು ದುರ್ಲಭವಾಯಿತು. ಇಸ್ರೋ 2001ರ ಅಕ್ಟೋಬರ್‌ನಲ್ಲಿ ಕಕ್ಷೆಗೆ ಸೇರಿಸಿದ ಟಿಇಎಸ್ ಉಪಗ್ರಹ ಒಂದು ಮೀಟರ್‌ನಷ್ಟು ಸೂಕ್ಷ್ಮವಾಗಿ ನೆಲವನ್ನು ನೋಡಬಲ್ಲದಾಗಿತ್ತು. ಗಡಿ ದಾಟದೆ, ಚಾಲಕನ ಜೀವವನ್ನು ಪಣಕ್ಕಿಡದೆ ಆಗುವ ಕೆಲಸಕ್ಕೆ ಟನ್‌ಗಟ್ಟಲೆ ಇಂಧನ ಸುಡುವ ವಿಮಾನವನ್ನು ಸಾಕುವುದು ಕಷ್ಟವೇ. 2006ರ ಮೇ ತಿಂಗಳಲ್ಲಿ ಬರೇಲಿಯಲ್ಲಿ ಮಿಗ್-25 ಸೇವೆಯಿಂದ ನಿವೃತ್ತವಾಯಿತು.