ಜ್ವರವೂ ಹಾಜರಿ ಪುಸ್ತಕವೂ

1918ರ ಜೂನ್ 10ರಂದು ಮುಂಬಯಿಯಲ್ಲಿ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು; ಅವರಲ್ಲೊಬ್ಬ ಬಂದರಿನ ಕಾವಲಿಗಿದ್ದವನು. ಬೆನ್ನಿಗೇ ಪೋರ್ಟ್ ಟ್ರಸ್ಟ್, ಬ್ಯಾಂಕು, ಟಂಕಸಾಲೆ, ಗಿರಣಿಗಳ ನೌಕರರೂ ಹಾಸಿಗೆ ಹಿಡಿದರು. ಆ ಇನ್‌ಫ್ಲುಯೆಂಜಾ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು. ರೋಗ ದುಡಿಮೆಯ ಜಾಗಗಳ ಹಾದಿಯಲ್ಲೇ ಊರು ಹೊಕ್ಕಿತ್ತೆಂಬುದನ್ನು ನಾವು ಮರೆಯುತ್ತೇವೆ.

ಗಿರಣಿಯವನಿಗೆ ಮಲಗಿದರೆ ಕೂಲಿಯಿಲ್ಲ. ಎದ್ದು ಹೋದರೆ ಪಕ್ಕದ ಮಗ್ಗದವನಿಗೂ ಜ್ವರ. ಇದರಲ್ಲಿ ಮಾಲೀಕ ಉಳಿಸಿದ್ದಾದರೂ ಏನು?

ಕಾಯಿಲೆಯ ದಿನಗಳಿಗೂ ಹಣ ಸಿಗಬೇಕೆಂದದ್ದು 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ. ಆ ಯೋಜನೆ ಆರಂಭವಾದದ್ದು 1952ರಲ್ಲಿ, ಅದೂ ಮೊದಲಿಗೆ ಕಾನ್ಪುರ, ದೆಹಲಿಗಳಲ್ಲಿ. ಅಷ್ಟರಲ್ಲಿ 34 ವರ್ಷ ಕಳೆದಿತ್ತು.

ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸಿಗೆ ಇಂದಿಗೂ ಕೂಲಿ ಸಾವಿರದ ಲೆಕ್ಕದಲ್ಲಿ. ಜ್ವರದ ದಿನವೂ ಆಕೆ ಮೊರವನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ.